ಟೇಪಿನೊಳಗಿನ ಗಂಡನ ಪಂಚಾಯಿತಿ

ಹೆಂಡತಿಯನ್ನು ತವರಿನಿಂದ ಕರೆತರಲು ಹೋಗುವ ಗಂಡಂದಿರಲ್ಲಿ ಎರಡು ಬಗೆ. ಮಾವನ ಮನೆಯ ಹೊಸ್ತಿಲಲ್ಲೇ ಬೆನ್ನು ಬಾಗಿಸುವವರು ಒಂದು ಬಗೆ, ಬಾಗಿಸದವರು ಇನ್ನೊಂದು ಬಗೆ. ನಾನು ಯಾವ ಬಗೆ ಎಂಬುದನ್ನು ಎಂಬತ್ತೈದನೇ ಇಸವಿಯ ಒಂದು ಭಾನುವಾರ ಬೆಳಗ್ಗೆ, ದೇವದುರ್ಗದಲ್ಲಿ, ನಮ್ಮ ಪಕ್ಕದ ಮನೆಯ ಟೇಲರ್ ದಸ್ತಗೀರ್ ಸಾಬರ ಎದುರು ಎದೆಯುಬ್ಬಿಸಿ ಘೋಷಿಸಿದೆ.

“ಕರಕೊಂಡು ಬರ್ತೀನಿ ಸಾಬ್ರ. ಆದರ ಕೈ ಮುಗಿಯಂಗಿಲ್ಲ. ತಪ್ಪಾತು ಅನ್ನಂಗಿಲ್ಲ.”

“ತಪ್ಪೇನು ಮಾಡೀರಿ ಮಾಸ್ಟರ್ ಸಾಬ್?”

“ಗೊತ್ತಿಲ್ಲ.”

ಸಾಬರು ಸೂಜಿಗೆ ದಾರ ಪೋಣಿಸುವುದನ್ನು ನಿಲ್ಲಿಸಿದರು. “ಯಾ ಅಲ್ಲಾ. ಹಂಗಾದ್ರ ದೊಡ್ಡದೇ ಇರಬೇಕು.”

ನಿಜವಾಗಿಯೂ ಗೊತ್ತಿರಲಿಲ್ಲ. ನನ್ನ ಹೆಂಡತಿ ಆದೆಮ್ಮ ತಮ್ಮನ ಮಗುವಿನ ತೊಟ್ಟಿಲು ಕಾರ್ಯಕ್ಕೆಂದು ಮಾನ್ವಿಗೆ ಹೋದವಳು ದಸರಾ ಮುಗಿದರೂ ಬಂದಿರಲಿಲ್ಲ. ಹೇಳಿ ಕಳಿಸಿದರೆ “ಬರ್ತೀನಿ ಅನ್ರಿ” ಎಂಬ ಉತ್ತರ ಬರುತ್ತಿತ್ತೇ ಹೊರತು ಅವಳು ಬರುತ್ತಿರಲಿಲ್ಲ. ಇತ್ತ ನಾನು ಜೋಳದ ಹಿಟ್ಟಿನ ಮೇಲೆ ಯುದ್ಧ ಹೂಡಿ ಸೋತು ಸುಣ್ಣವಾಗಿದ್ದೆ. ನಾನು ಬಡಿದ ರೊಟ್ಟಿ ಒಂದೇ ತುಂಡಾಗಿ ಹಂಚಿನಿಂದ ಎದ್ದು ಬಂದದ್ದಕ್ಕೆ ಸಾಕ್ಷಿಗಳಿಲ್ಲ.

ಮೇಲಾಗಿ ನಾನು ಸಾಮಾನ್ಯ ಆಸಾಮಿಯೇ? ಅರಕೇರಾದ ಕುರಿ ಸಾಕುವ ಮನೆಯಲ್ಲಿ ಹುಟ್ಟಿ, ರಾಯಚೂರಿನಲ್ಲಿ ಬಿ.ಎ. ಮುಗಿಸಿ, ದೇವದುರ್ಗದ ಹೈಸ್ಕೂಲಿಗೆ ಇಂಗ್ಲಿಷ್ ಮಾಸ್ತರನಾಗಿ ಬಂದವನು! ಓಣಿಯಲ್ಲಿ ಯಾರ ಮನೆಗೆ ಟೆಲಿಗ್ರಾಂ ಬಂದರೂ ಅಳಬೇಕೋ ನಗಬೇಕೋ ಎಂದು ತೀರ್ಪು ಕೊಡುವವನು ನಾನೇ. ಮನೆಯಲ್ಲಿಯೂ ಅಷ್ಟೆ. ರೇಡಿಯೋ ವಾರ್ತೆಯಿಂದ ಹಿಡಿದು ಸೋಪಿಗೆ ಸುತ್ತಿದ ಕಾಗದದವರೆಗೆ ಪ್ರತಿಯೊಂದರ ಅರ್ಥವನ್ನೂ ಆದೆಮ್ಮ ಕೇಳುವ ಮೊದಲೇ ಬಿಡಿಸಿ ಹೇಳುತ್ತಿದ್ದೆ. ಇಂಥ ಗಂಡನನ್ನು ಬಿಟ್ಟು ಒಬ್ಬ ಹೆಂಗಸು ಇಷ್ಟು ದಿನ ಹೇಗಿರಬಲ್ಲಳು ಎಂಬುದೊಂದೇ ನನಗೆ ಅರ್ಥವಾಗದ ಸಂಗತಿಯಾಗಿತ್ತು.

ಆ ಭಾನುವಾರ ನನ್ನ ಕೈಯಲ್ಲಿ ಒಂದು ಬ್ರಹ್ಮಾಸ್ತ್ರವಿತ್ತು. ಸಾಬರ ತಮ್ಮ ಕುವೈತಿನಿಂದ ಒಂದು ಟೇಪ್ ರೆಕಾರ್ಡರನ್ನೂ ಜೊತೆಗೊಂದು ಕ್ಯಾಸೆಟ್ಟನ್ನೂ ಕಳಿಸಿದ್ದ. ಕ್ಯಾಸೆಟ್ಟಿನ ಮೇಲೆ ಕರಿ ಕನ್ನಡಕದ ಹುಡುಗರ ಚಿತ್ರ, ದಪ್ಪ ಅಕ್ಷರದಲ್ಲಿ ‘ರಾಪ್’ ಎಂಬ ಹೆಸರು. ಹಾಕಿ ಕೇಳಿದರೆ ರಾಗವೆಂಬುದು ಇಲ್ಲವೇ ಇಲ್ಲ, ಬರೀ ತಾಳ. ಆ ತಾಳದ ಮೇಲೆ ಒಬ್ಬ ಅಮೆರಿಕದವನು ಉಸಿರು ತೆಗೆದುಕೊಳ್ಳದೆ ಮಾತಾಡುತ್ತಿದ್ದ. ಮಾತಾಡುತ್ತಿದ್ದ. ಮಾತಾಡುತ್ತಲೇ ಇದ್ದ.

“ಇದರ ಮತಲಬ್ ಏನ್ರಿ?” ಎಂದು ಸಾಬರು ಕೇಳಿದ್ದರು. ಅಷ್ಟೂ ಹಾಡಿನಲ್ಲಿ ನನಗೆ ದಕ್ಕಿದ್ದು ‘ಯೆಸ್’ ಮತ್ತು ‘ಹೇ’ ಎಂಬ ಎರಡು ಪದ. ಇಂಗ್ಲಿಷ್ ಮಾಸ್ತರನಾದವನು ಹಾಗೆ ಒಪ್ಪಿಕೊಳ್ಳಲಾದೀತೇ? “ಭಾಳ ಗಹನ ಅದ. ಸಾವಕಾಶ ಕೂತು ಕೇಳಿ ಹೇಳ್ತೀನಿ” ಎಂದು ಮಷೀನನ್ನೇ ಎತ್ತಿಕೊಂಡು ಬಂದಿದ್ದೆ. ಈಗ ಅದನ್ನು ಮಾನ್ವಿಗೆ ಒಯ್ಯುವುದು, ಹಾಡು ಹಾಕುವುದು, ಅರ್ಥ ಹೇಳುವುದು, ಮಾವನ ಮನೆಯವರು ಬಾಯಿ ತೆರೆದುಕೊಂಡು ನಿಂತಿರುವಾಗಲೇ ಹೆಂಡತಿಯನ್ನು ಬಸ್ಸು ಹತ್ತಿಸುವುದು. ಇದು ನನ್ನ ಯೋಜನೆ.

ಸಿರವಾರದಲ್ಲಿ ಬಸ್ಸು ಬದಲಿಸಿ, ಟೇಪನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಮಾನ್ವಿ ಮುಟ್ಟುವ ಹೊತ್ತಿಗೆ ಮಧ್ಯಾಹ್ನ. ಮಾವ ಗಡಿಗೆಪ್ಪನವರು ಕಟ್ಟೆಯ ಮೇಲೆ ಕುಳಿತಿದ್ದರು. ಓಣಿಯಲ್ಲಿ ಯಾರ ಜಗಳವಿದ್ದರೂ ನ್ಯಾಯ ಹೇಳುವ ಹಿರಿಯರು ಅವರು. ಅತ್ತೆ ಬಂಡೆಮ್ಮ ನೀರು ತಂದುಕೊಟ್ಟರು. ಊಟ ಬಂತು, ಚಹಾ ಬಂತು, ಎರಡನ್ನೂ ತಂದವರು ಅತ್ತೆಯೇ. ಆದೆಮ್ಮ ಅಡುಗೆಮನೆ ಬಿಟ್ಟು ಹೊರಬರಲಿಲ್ಲ. ನಾನು ಹೊರಡುವ ಮಾತೆತ್ತಿದರೆ ಮಾವ ಜೋಳದ ಬೆಳೆಯ ಮಾತೆತ್ತುತ್ತಿದ್ದರು. ಸಂಜೆಯ ಕೊನೆಯ ಬಸ್ಸಿನಲ್ಲಿ ಅವಳು ನನ್ನ ಪಕ್ಕದಲ್ಲಿ ಇರದಿದ್ದರೆ ಮತ್ತೆ ಅದೇ ಖಾಲಿ ಮನೆ, ಅದೇ ಚೂರು ರೊಟ್ಟಿ. ಇನ್ನು ತಡ ಮಾಡಬಾರದೆಂದು ಬ್ರಹ್ಮಾಸ್ತ್ರದ ಗುಂಡಿ ಒತ್ತಿದೆ.

ಧಡ್ ಧಡ್ ಎಂದು ಶುರುವಾದದ್ದೇ ತಡ, ಅತ್ತೆಯ ಕೋಳಿಗಳು ಓಣಿ ಬಿಟ್ಟು ಓಡಿದವು. ಪಕ್ಕದ ಮನೆಯ ಗೋಪಮ್ಮ ಜೋಳ ಕೇರುತ್ತಿದ್ದ ಮೊರ ಹಿಡಿದುಕೊಂಡೇ ಬಂದು ಕಟ್ಟೆ ಹತ್ತಿ ಕುಳಿತಳು.

“ಏನು ಅನ್ನಾಕತ್ತಾನ ಇವ?” ಮಾವ ಕೇಳಿದರು.

ನಾನು ಅಡುಗೆಮನೆಯ ಕಡೆ ನೋಡಿದೆ. ಬಾಗಿಲ ಸಂದಿಯಲ್ಲಿ ಸೀರೆಯ ಅಂಚು ಕಾಣುತ್ತಿತ್ತು. ನನ್ನೊಳಗಿನ ಪ್ರತಿಭೆ ಥಟ್ಟನೆ ಎದ್ದು ಕುಳಿತಿತು.

“ಇವನ ಹೇಣ್ತಿ ತವರಿಗೆ ಬಂದಾಳ್ರಿ ಮಾವ. ಕರಿಯಾಕ ಬಂದಾನ.”

“ಅಮೆರಿಕದಾಗೂ ತವರಿಗೆ ಬರ್ತಾರೇನ್ರಿ?” ಎಂದಳು ಗೋಪಮ್ಮ.

“ಬರಲಾರದ ಏನು? ಅವರಿಗೂ ಅವ್ವ ಅಪ್ಪ ಇರ್ತಾರ.”

“ಆ ಧಡ್ ಧಡ್ ಏನು?” ಇದು ಅತ್ತೆ.

“ಬಾಗಲಾ ಬಡಿಯಾಕತ್ತಾನ್ರಿ ಅತ್ತಿ.”

ಅಷ್ಟರಲ್ಲಿ ಟೇಪಿನೊಳಗೆ ಏನನ್ನೋ ಕೆರೆದಂತೆ ಕಿರ್ರ್ ಎಂಬ ಸದ್ದಾಯಿತು. ನಾನು ಎದೆಗುಂದಲಿಲ್ಲ. “ಅವನ ಅತ್ತಿ ಬಾಗಲಾ ತೆಗದ್ಲು” ಎಂದೆ. ಮತ್ತೆ ಕಿರ್ರ್. “ಮುಚ್ಚಿದ್ಲು” ಎಂದೆ. ಹಾಳಾದ ಸದ್ದು ನಿಲ್ಲಲೇ ಇಲ್ಲ. ಕಿರ್ರ್, ಕಿರ್ರ್, ಕಿರ್ರ್.

ಬಂಡೆಮ್ಮನವರಿಗೆ ಸಿಟ್ಟು ಬಂತು. “ಎಂಥಾಕಿ ಬೇ ಆಕಿ? ಬಂದ ಅಳಿಯಗ ನೀರು ಕೊಡೂದು ಬಿಟ್ಟು ಬಾಗಲದ ಜೋಡಿ ಆಟ ಆಡಾಕತ್ತಾಳ.”

“ಇವ ಯಾಕ ಇಷ್ಟು ಗಡಿಬಿಡಿ ಮಾತಾಡ್ತಾನ?” ಎಂದು ಮಾವ ಕೇಳಿದರು.

“ಕಡೀ ಬಸ್ಸಿನ ಟೈಮ್ ಆಗ್ಯದ್ರಿ.”

“ಅಲ್ಲೂ ನಮ್ಮ ಕವಿತಾಳ ಊರಿನ ಬಸ್ಸಿನಂಗೇ ಇರಬೇಕು, ತಪ್ಪಿದ್ರ ಮತ್ತೊಂದಿಲ್ಲ” ಎಂದು ಮಾವ ಆ ಅಪರಿಚಿತನ ಮೇಲೆ ಮರುಕಪಟ್ಟರು. “ಮತ್ತ ನಡುನಡುವ ಹೋ ಅಂತಾರಲ್ಲ, ಅವರು ಯಾರು?”

“ಹಿರಿಯಾರ್ರಿ. ನ್ಯಾಯಕ್ಕ ಕೂತಾರ.”

ನನ್ನ ಗ್ರಹಚಾರ ಕೆಟ್ಟದ್ದು ಇಲ್ಲೇ. ನ್ಯಾಯ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಮಾವ ರುಮಾಲು ಸರಿಮಾಡಿಕೊಂಡು, ಕಾಲು ಮಡಚಿ, ಪಂಚಾಯಿತಿಯಲ್ಲಿ ಕೂರುವಂತೆ ಕುಳಿತುಬಿಟ್ಟರು. ಸ್ವಂತ ಮಗಳ ಗಂಡ ಮಧ್ಯಾಹ್ನದಿಂದ ಎದುರಿಗೆ ಕೂತಿದ್ದರೂ ತೋರದ ಕಾಳಜಿಯನ್ನು ಟೇಪಿನೊಳಗಿನ ಅಳಿಯನ ಮೇಲೆ ತೋರಿದರು.

“ಅದನ್ನ ಬಂದ್ ಮಾಡ್ರಿ. ಮೊದಲು ಇದು ಹೇಳ್ರಿ. ಆಕಿ ಯಾಕ ತವರಿಗೆ ಬಂದಾಳ? ಇವ ಏನು ಮಾಡ್ಯಾನ?”

“ಏನೂ ಮಾಡಿಲ್ಲಂತ್ರಿ.”

“ಹಂಗಂತ ಅವನೇ ಹೇಳಾಕತ್ತಾನೇನು?”

“ಹೌದ್ರಿ. ಇಷ್ಟೊತ್ತೂ ಅದನ್ನೇ ಹೇಳ್ಯಾನ.”

ಮಾವ ತಲೆ ಅಲ್ಲಾಡಿಸಿದರು. “ಏನೂ ಮಾಡಲಾರದವ ಇಷ್ಟು ಮಾತಾಡಂಗಿಲ್ಲ.”

“ಕುಡಿತಾನೇನು?” ಎಂದಳು ಗೋಪಮ್ಮ.

“ಛೇ ಛೇ. ಓದಿದ ಮನುಷ್ಯ. ಮಾಸ್ತರಿಕಿ ಮಾಡ್ತಾನ.”

“ಬಡಿತಾನೇನು?”

“ಒಂದಿನ ಕೈ ಎತ್ತಿದಾವಲ್ಲ.”

“ಅಷ್ಟು ಚಲೋ ಇದ್ರ ಆಕಿ ಯಾಕ ಬಂದ್ಲು?” ಎಂದು ಅತ್ತೆ ನೇರವಾಗಿ ನನ್ನನ್ನೇ ಕೇಳಿದರು.

ಆ ಅಮೆರಿಕದವನ ಪರವಾಗಿ ಅಂದು ನಾನು ಮಾಡಿದ ವಾದವನ್ನು ಯಾವ ವಕೀಲನೂ ಮಾಡಲಾರ! ಅವನು ಎಂಥ ವಿದ್ಯಾವಂತ, ಓಣಿಯೇ ಅವನ ಮಾತಿಗೆ ಕಾಯುತ್ತದೆ, ಹೆಂಡತಿಗೆ ಕಷ್ಟವಾಗಬಾರದೆಂದು ಜಗತ್ತಿನ ಎಲ್ಲದರ ಅರ್ಥವನ್ನೂ ಅವನೇ ಬಿಡಿಸಿ ಹೇಳುತ್ತಾನೆ, ಅವಳು ಏನೂ ಯೋಚನೆ ಮಾಡಬೇಕಾಗಿಯೇ ಇಲ್ಲ. ಯಾರೂ ಅವನ ಮೇಲೆ ಕರುಣೆ ತೋರುತ್ತಿಲ್ಲವೆಂದು ನನಗೆ ನಿಜವಾಗಿಯೂ ದುಃಖವಾಯಿತು.

ಮಾವ ಎಲ್ಲವನ್ನೂ ಕೇಳಿಸಿಕೊಂಡು ಹೇಳಿದರು: “ಒಬ್ಬರ ಮಾತು ಕೇಳಿ ನಾ ಎಂದೂ ನ್ಯಾಯ ಮಾಡಿಲ್ಲ. ಆಕಿದೂ ಕೇಳಬೇಕು. ಇದರಾಗ ಆಕಿ ಎಲ್ಲಿ ಮಾತಾಡ್ಯಾಳ?”

“ಆಕಿ ಮಾತಾಡಿಲ್ರಿ.”

“ಯಾಕ?”

ಆಗ ಆದೆಮ್ಮ ಅಡುಗೆಮನೆಯಿಂದ ಹೊರಗೆ ಬಂದಳು. ನನ್ನ ಕಡೆ ನೋಡಲಿಲ್ಲ. ಸೀದಾ ಬಂದು ಟೇಪಿನ ಬಾಯಿ ತೆರೆದು, ಕ್ಯಾಸೆಟ್ಟನ್ನು ತಿರುವಿ ಹಾಕಿ, ಗುಂಡಿ ಒತ್ತಿದಳು. ಯಾವ ಗುಂಡಿ ಏನು ಮಾಡುತ್ತದೆಂದು ಬಾಗಿಲ ಸಂದಿಯಿಂದಲೇ ಕಲಿತುಕೊಂಡಿದ್ದಳು.

ಹೆಣ್ಣಿನ ದನಿ! ಕ್ಯಾಸೆಟ್ಟಿಗೆ ಇನ್ನೊಂದು ಮಗ್ಗುಲಿದೆ ಎಂಬುದು ನನಗೆ ಹೊಳೆದಿರಲೇ ಇಲ್ಲ. ಎಂಥ ದನಿ ಅಂತೀರಿ. ಕಾದ ಎಣ್ಣೆಗೆ ಹಿಡಿ ಸಾಸಿವೆ ಸುರಿದ ಹಾಗೆ ಚಟಪಟ ಸಿಡಿಯುತ್ತಿತ್ತು. ಗಂಡಸಿನ ವೇಗ ಅದರ ಮುಂದೆ ಏನೂ ಅಲ್ಲ.

“ಬಂದ್ಲು ನೋಡು ಹೇಣ್ತಿ” ಎಂದು ಗೋಪಮ್ಮ ಮೊರಕ್ಕೆ ಬಡಿದಳು.

“ಹೇಳ್ರಿ ಮಾಸ್ತರ, ಏನಂತಾಳ?” ಎಂದರು ಮಾವ.

“ಬರ್ತೀನಿ ಅಂತಾಳ್ರಿ” ಎಂದೆ ಮೆಲ್ಲಗೆ.

ಎಲ್ಲರೂ ಟೇಪನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅಂಥ ದನಿಯಲ್ಲಿ ಈ ಭೂಮಿಯ ಮೇಲೆ ಯಾವ ಹೆಂಡತಿಯೂ ಬರ್ತೀನಿ ಎಂದಿರಲಾರಳು.

“ನಾ ಹೇಳ್ತೀನಿ ಅರ್ಥ” ಎಂದಳು ಆದೆಮ್ಮ. ಸ್ವಲ್ಪ ಹೊತ್ತು ತಲೆಬಾಗಿಸಿ ಕೇಳಿದಳು. ಕಟಕ್ಕೆಂದು ಟೇಪು ನಿಲ್ಲಿಸಿದಳು. “ಆಕಿ ಅಂತಾಳ, ನಾ ತವರಿಗೆ ಬಂದ ಮ್ಯಾಲ ನೀ ಬಸ್ ಕಂಡಕ್ಟರ್ ಕೂಡ ಹೇಳಿ ಕಳಿಸಿದಿ. ಹೆಂಗಿದ್ದಿ ಅಂತಲ್ಲ. ಉಪ್ಪಿನಕಾಯಿ ಡಬ್ಬಿ ಎಲ್ಲದ ಅಂತ. ಮರುದಿನ ಮತ್ತ ಹೇಳಿ ಕಳಿಸಿದಿ. ಸಿಕ್ತು ಅಂತ.”

ಅತ್ತೆ ಬೆಚ್ಚಿಬಿದ್ದರು. “ಗಂಡಗ ನೀ ಅಂತಾಳೇನು?”

“ಆಕಿ ಅನ್ನಾಕತ್ತಾಳ ಯವ್ವಾ, ನಾ ಅಲ್ಲ. ಆ ದೇಶದಾಗ ಹಂಗಂತ.”

“ಅಮೆರಿಕದಾಗ ಉಪ್ಪಿನಕಾಯಿ ಇರ್ತದೇನು?” ಗೋಪಮ್ಮನಿಗೆ ಅನುಮಾನ.

“ಮಾಸ್ತರನ್ನ ಕೇಳು.”

“ಇರ್ತದ” ಎಂದೆ ನಾನು.

ಆದೆಮ್ಮ ಮತ್ತೆ ಹಾಕಿದಳು, ಮತ್ತೆ ನಿಲ್ಲಿಸಿದಳು. “ಸಾರಿಗೆ ಉಪ್ಪು ಕಮ್ಮಿ ಆದ್ರ ನಿನಗ ಬಾಯಿ ಬರ್ತದ. ಸಾರು ಚಲೋ ಆದ್ರ ಮುಖಕ್ಕ ಪೇಪರ್ ಅಡ್ಡ ಬರ್ತದ.”

“ನಮ್ಮನ್ಯಾಗ ಪೇಪರ್ ಇಲ್ಲವ್ವ, ಬೀಡಿ” ಎಂದು ಗೋಪಮ್ಮ ನಿಟ್ಟುಸಿರು ಬಿಟ್ಟಳು.

ನಾನು ನಗಲು ಪ್ರಯತ್ನಿಸಿದೆ. ಆದರೆ ಆದೆಮ್ಮ ನಗುತ್ತಿರಲಿಲ್ಲ. ಅವಳ ದನಿ ಇಳಿದಿತ್ತು.

“ಒಂದಿನ ಮನಿಗೆ ನಿನ್ನ ಸಾಲಿ ಮಾಸ್ತರಗೋಳು ಬಂದಿದ್ರು. ಹುಡುಗರಿಗೆ ಎಷ್ಟು ಹೇಳಿದ್ರೂ ಪಾಠ ನೆನಪು ಇರಂಗಿಲ್ಲ ಅಂತ ಮಾತಾಡಾಕತ್ತಿದ್ರಿ. ಹಾಡು ಕಟ್ಟಿ ಹೇಳಿಕೊಡ್ರಿ, ನೆನಪು ಇರ್ತದ ಅಂದೆ ನಾನು. ನೀ ಎಲ್ಲರ ಮುಂದ, ನಿನಗೇನು ತಿಳಿತದ, ಚಾ ತಗೊಂಡು ಬಾ ಅಂದಿ. ಅವರು ನಕ್ಕರು. ನೀನೂ ನಕ್ಕಿ. ನಾ ಚಾ ತಂದು ಕೊಟ್ಟೆ. ಕಪ್ಪು ತೊಳದಿಟ್ಟೆ. ಅವತ್ತಿನಿಂದ ಆ ಮನ್ಯಾಗ ಬಾಯಿ ತೆರಿಯಾಕ ನನಗ ಮನಸಿಲ್ಲ.”

ಈ ಸಲ ಅವಳು ಗುಂಡಿ ಒತ್ತುವುದನ್ನೇ ಮರೆತಿದ್ದಳು. ಟೇಪು ಸುಮ್ಮನಿತ್ತು. ಅದನ್ನು ಯಾರೂ ಎತ್ತಿ ಆಡಲಿಲ್ಲ.

ಆ ಸಂಜೆ ನನಗೂ ನೆನಪಿತ್ತು. ಚಹಾ ಚೆನ್ನಾಗಿತ್ತು ಎಂಬುದಷ್ಟೇ ನೆನಪಿತ್ತು. ತಲೆಯೆತ್ತಿ ಯಾರ ಮುಖವನ್ನೂ ನೋಡಲಾಗದಷ್ಟು ನಾಚಿಕೆಯಾಯಿತು.

ಮಾವ ಕೆಮ್ಮಿ ಗಂಟಲು ಸರಿಮಾಡಿಕೊಂಡರು. “ಮಾಸ್ತರ, ಇಲ್ಲಿ ಇಂಗ್ಲಿಷ್ ಬಲ್ಲವರು ನೀವೊಬ್ಬರೇ. ಈಕಿ ಹೇಳಿದ ಅರ್ಥ ಖರೇ ಏನ್ರಿ?”

ಸುಳ್ಳೆಂದರೆ ನನ್ನ ವಿದ್ಯೆ ಉಳಿಯುತ್ತಿತ್ತು. ಹೆಂಡತಿ ಉಳಿಯುತ್ತಿರಲಿಲ್ಲ.

“ಅಕ್ಷರಾ ತಪ್ಪಿಲ್ರಿ ಮಾವ.”

“ಹಂಗಾದ್ರ ಆ ಗಂಡ ಈಗ ಏನಂತಾನ?”

ಮುಳುಗುವವನಿಗೆ ಇನ್ನೇನು ಆಸರೆ? ಗಡಿಬಿಡಿಯಿಂದ ಕ್ಯಾಸೆಟ್ಟನ್ನು ಮತ್ತೆ ತಿರುವಿ ಹಾಕಿ, ಆ ಪುಣ್ಯಾತ್ಮ ಏನಾದರೂ ಒದರಲಿ, ಸಂಭಾಳಿಸಿಕೊಳ್ಳೋಣ ಎಂದು ಗುಂಡಿ ಒತ್ತಿದೆ. ಅವನು ಬಾಯಿ ತೆರೆದ. ಆದರೆ ದನಿ ದಪ್ಪಗಾಯಿತು, ನಿಧಾನವಾಯಿತು, ಕರು ಹಾಕುವ ಎಮ್ಮೆಯ ಹಾಗೆ ಒಮ್ಮೆ ನರಳಿ ನಿಂತೇಹೋಯಿತು. ಸೆಲ್ಲು ಮುಗಿದಿದ್ದವು. ಅಷ್ಟು ಮಾತಾಡಿದ ಮನುಷ್ಯ ಬೇಕಾದ ಹೊತ್ತಿಗೆ ಕೈಕೊಟ್ಟ.

ಎಲ್ಲರ ಕಣ್ಣೂ ನನ್ನ ಮೇಲೆ. ಸಂಜೆಯ ಬಸ್ಸಿಗೆ ಹೆಚ್ಚು ಹೊತ್ತಿರಲಿಲ್ಲ. ನನ್ನ ಕೈಗಳು ನನ್ನನ್ನು ಕೇಳದೆ ತಾವೇ ಜೋಡಿಯಾದವು.

“ತಪ್ಪಾತು. ನಾ ಹಂಗ ಅನ್ನಬಾರದಿತ್ತು. ಮನಿಗೆ ನಡಿ ಆದೆಮ್ಮ.”

ಅವಳು ಮೊದಲ ಸಲ ನನ್ನ ಮುಖ ನೋಡಿದಳು. “ಇದು ತಿಳಿತು” ಎಂದು ಒಳಗೆ ಹೋಗಿ ಕೈಚೀಲ ತಂದಳು. ಅದನ್ನು ಯಾವಾಗ ತುಂಬಿಟ್ಟಿದ್ದಳೋ ಅವಳಿಗೇ ಗೊತ್ತು.

ಅತ್ತೆ ಕುಂಕುಮದ ಬಟ್ಟಲು ಹಿಡಿದು ಬಂದು ಮಗಳ ಹಣೆಗೆ ಹಚ್ಚಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು:

“ಇಷ್ಟು ಹೇಳಾಕ ಅಮೆರಿಕದಿಂದ ಮಂದೀನ್ನ ಕರಸಬೇಕಿತ್ತೇನ್ರಿ ಮಾಸ್ತರ?”