ನಾನು ಹಿಡಿದ ಬಿ.ಟಿ. ಬದನೆ

ದೇಶಕ್ಕೆ ಉಪಕಾರ ಮಾಡುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ. ನನಗೆ ಸಿಕ್ಕಿತು. ಅದೂ ಮೆಲ್ಕಾರಿನ ನಮ್ಮ ಮನೆಯ ಹಿತ್ತಿಲಿನಲ್ಲೇ!

ಅಂದು ಬೆಳಿಗ್ಗೆ ಪೇಪರಿನಲ್ಲಿ ಕುಲಾಂತರಿ ಬೆಳೆಗಳ ಬಗ್ಗೆ ಉದ್ದದ ಲೇಖನವಿತ್ತು. ಹುಳ ಕೊಲ್ಲುವ ಗುಣವನ್ನು ಪ್ರಯೋಗಾಲಯದಲ್ಲಿ ಗಿಡದೊಳಗೇ ಸೇರಿಸುತ್ತಾರಂತೆ. ಅಂಥ ಬಿ.ಟಿ. ಹತ್ತಿಗೆ ನಮ್ಮ ಸರಕಾರದ ಒಪ್ಪಿಗೆ ಇದೆ, ಬಿ.ಟಿ. ಬದನೆಗೆ ಇಲ್ಲ. ಪರೀಕ್ಷೆಗಳೆಲ್ಲ ಮುಗಿದು ಸುರಕ್ಷಿತವೆಂದು ಖಾತ್ರಿಯಾಗುವವರೆಗೆ ಅದನ್ನು ಪರಿಸರಕ್ಕೆ ಬಿಡುವಂತಿಲ್ಲ.

ಪೇಪರ್ ಮಡಚಿ ಹಿತ್ತಿಲಿಗೆ ಹೋದೆ. ಅಲ್ಲಿ ಹೆಂಡತಿ ಸುಮತಿಯ ಆರು ಬದನೆ ಗಿಡಗಳು. ಒಂದು ಕಾಯಿಯಲ್ಲೂ ತೂತಿಲ್ಲ! ಅನುಮಾನ ಬಂದು ಕಪಾಟಿನಲ್ಲಿದ್ದ ಅವಳ ಬೀಜದ ಬಾಟಲಿಗಳನ್ನು ತಡಕಾಡಿದೆ. 'ಖತೀಜಮ್ಮ ಮೆಣಸು', 'ಲಿಲ್ಲಿಬಾಯಿ ಬೆಂಡೆ' ಎಂದೆಲ್ಲ ಚೀಟಿ ಅಂಟಿಸಿದ್ದಳು. ಕೊನೆಯ ಖಾಲಿ ಬಾಟಲಿಯ ಚೀಟಿ ಓದಿ ಎದೆ ಧಸಕ್ಕೆಂದಿತು. 'ಬಿ.ಟಿ. ಬದನೆ'!

ಸುಮತಿ ಹಿಂದಿನ ದಿನವಷ್ಟೇ ಬೆಳ್ತಂಗಡಿಯ ತಂಗಿಯ ಮನೆಗೆ ಹೋಗಿದ್ದಳು. ಫೋನ್ ಮಾಡಿ ಕೇಳಬಹುದಿತ್ತು. ಆದರೆ ತನಿಖೆ ನಡೆಯುವಾಗ ಆರೋಪಿಗೆ ಸುಳಿವು ಕೊಡಬಾರದು.

ಮೂವತ್ತು ವರ್ಷ ಗುಮಾಸ್ತನಾಗಿದ್ದ ಕೈ ನನ್ನದು. ಅರ್ಧ ಗಂಟೆಯಲ್ಲಿ ಅರ್ಜಿ ಸಿದ್ಧ: "ಮಾನ್ಯರೇ, ನನ್ನ ಪತ್ನಿಯು ತಿಳಿಯದೆ ಬೆಳೆಸಿರುವ ಸದರಿ ಕುಲಾಂತರಿ ಗಿಡಗಳನ್ನು ನಾನು ಸ್ವಇಚ್ಛೆಯಿಂದ ನಾಶಪಡಿಸಿರುತ್ತೇನೆ. ಆಕೆಯನ್ನು ಕ್ಷಮಿಸಬೇಕಾಗಿ ವಿನಂತಿ." ಬರೆದದ್ದು ಸುಳ್ಳಾಗಬಾರದಲ್ಲ! ಆರೂ ಗಿಡಗಳನ್ನು ಕಿತ್ತು ಕಾಯಿ ಸಮೇತ ಸುಟ್ಟೆ. ಹಸಿ ಗಿಡ ಸುಡಲು ಎರಡು ಹೊರೆ ತೆಂಗಿನ ಗರಿ ಬೇಕಾಯಿತು. ಸಾಕ್ಷ್ಯಕ್ಕೆಂದು ಒಂದೇ ಒಂದು ಕಾಯಿ ಉಳಿಸಿಕೊಂಡೆ. ಹಳದಿಯಾಗಿ ಊದಿಕೊಂಡಿತ್ತು, ತೊಟ್ಟಿಗೆ ಕೆಂಪು ನೂಲು ಕಟ್ಟಿತ್ತು. ನೋಡಲು ಅದೇ ಎಲ್ಲಕ್ಕಿಂತ ಅಪಾಯಕಾರಿಯಾಗಿತ್ತು.

ಕೃಷಿ ಕಚೇರಿಯ ಅಧಿಕಾರಿ ಚಿಕ್ಕ ಪ್ರಾಯದ ಹೆಂಗಸು. ಅರ್ಜಿಯನ್ನು ಎರಡು ಸಲ ಓದಿದರು. ಮನೆಯವರನ್ನು ಒಮ್ಮೆ ಕೇಳಬಹುದಿತ್ತಲ್ಲ ಎಂದು ಮೆಲ್ಲಗೆ ಹೇಳಿದರು. ಪ್ರಯೋಗಾಲಯಕ್ಕೆ ಕಳಿಸಿ ಎಂದು ನಾನು ಗಂಭೀರವಾಗಿ ಕಾಯಿಯನ್ನು ಒಪ್ಪಿಸಿ, ಅರ್ಜಿಯ ಪ್ರತಿಗೆ ಮೊಹರು ಹಾಕಿಸಿಕೊಂಡು ಬಂದೆ. ಎಂಥ ಹುರುಪು!

ಸಂಜೆ ಸುಮತಿ ಬಂದವಳು ಬರಿದಾದ ಹಿತ್ತಿಲು ನೋಡಿ ನಿಂತೇಬಿಟ್ಟಳು. ನಾನು ಲೇಖನವನ್ನೂ ಬಾಟಲಿಯನ್ನೂ ಮುಂದಿಟ್ಟೆ.

"ಬಿ.ಟಿ. ಅಂದರೆ ಭವಾನಿ ಟೀಚರ್," ಎಂದಳು.

ಮೂಡುಬಿದಿರೆಯ ಭವಾನಿ ಟೀಚರ್ ಅವಳಿಗೆ ಶಾಲೆಯಲ್ಲಿ ಕಲಿಸಿದವರು. ಬೀಜ ಕೊಟ್ಟವರೂ ಅವರೇ. ಈಚೆಗೆ ಅವರಲ್ಲಿ ಆ ಬದನೆಯ ತಳಿಯೇ ಹೋಗಿತ್ತು. ಬೀಜ ಮಾಡಿ ವಾಪಸ್ ಕೊಡುತ್ತೇನೆಂದು ಇವಳು ಮಾತು ಕೊಟ್ಟಿದ್ದಳು. ಆದಿತ್ಯವಾರ ಅವರು ಅದಕ್ಕೆಂದೇ ಬರುವವರಿದ್ದರು.

"ಮತ್ತೆ ಹುಳ ಯಾಕೆ ಇರಲಿಲ್ಲ?" ಎಂದೆ, ಕೊನೆಯ ಆಸೆಯಿಂದ.

"ನೀವು ಏಳುವ ಮೊದಲು ದಿನಾ ನಾನು ಹುಳ ಬಿದ್ದ ಕುಡಿ, ಕಾಯಿಗಳನ್ನೆಲ್ಲ ಚಿವುಟಿ ತೆಗೀತೇನೆ. ನೂಲು ಕಟ್ಟಿ ಬೀಜಕ್ಕೆ ಬಿಟ್ಟ ಕಾಯಿ ಒಂದು ಇತ್ತು, ಅದೆಲ್ಲಿ?"

"ಸರಕಾರದ ವಶದಲ್ಲಿ ಉಂಟು."

ಬೈದಿದ್ದರೆ ಚೆನ್ನಾಗಿತ್ತು. ಅವಳ ಕಣ್ಣು ತುಂಬಿತು. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಮರುದಿನ ಬಾಗಿಲು ತೆರೆಯುವ ಮೊದಲೇ ಕಚೇರಿಯ ಎದುರು ನಿಂತಿದ್ದೆ. ಒಳಗೆ ಹೋದರೆ ಮೇಜಿನ ಮೇಲೆ ಕಾಯಿ ಇಲ್ಲ! ಜೀವ ಬಾಯಿಗೆ ಬಂತು. ಅಧಿಕಾರಿ ಕಪಾಟು ತೆರೆದು ಅದನ್ನು ನನ್ನ ಕೈಗಿತ್ತರು.

"ನೂಲು ಕಟ್ಟಿ ಬೀಜಕ್ಕೆ ಬಿಟ್ಟ ಕಾಯಿ, ಯಾರಾದರೂ ಕೇಳಿಕೊಂಡು ಬರ್ತಾರೆ ಅಂತ ಗೊತ್ತಿತ್ತು ಸರ್. ಆದರೆ ಅದು ನೀವೇ ಅಂತ ಗೊತ್ತಿರಲಿಲ್ಲ."

ಆದಿತ್ಯವಾರ ಭವಾನಿ ಟೀಚರ್ ಬಂದು, ಕಥೆ ಕೇಳಿ, ಕಣ್ಣು ಒರೆಸಿಕೊಳ್ಳುತ್ತಾ ನಕ್ಕರು. ಬೀಜ ಎರಡು ಪಾಲಾಯಿತು. ಈಗ ನಮ್ಮಲ್ಲಿ ಹೊಸ ಸಸಿಗಳು ಎದ್ದಿವೆ. ಬೆಳಿಗ್ಗೆ ಆರಕ್ಕೆ ಹುಳ ಹುಡುಕುವುದು ನನ್ನ ಕೆಲಸ, ಅದೂ ಸುಮತಿ ಪಕ್ಕದಲ್ಲಿದ್ದರೆ ಮಾತ್ರ. ಪೇಪರಿನ ಆ ಲೇಖನವನ್ನು ಅವಳೂ ಓದಿದ್ದಾಳೆ. ಪರೀಕ್ಷೆಗಳೆಲ್ಲ ಮುಗಿದು ಸುರಕ್ಷಿತನೆಂದು ಖಾತ್ರಿಯಾಗುವವರೆಗೆ ನನ್ನನ್ನು ಪರಿಸರಕ್ಕೆ ಬಿಡುವಂತಿಲ್ಲವಂತೆ!