ನಿಂಗಮ್ಮ ಅಂದರೆ ಯಾಕೆ ಮೂಗು ಮುರಿಯುತ್ತೀರಿ?

ನನ್ನ ಮಗಳಿಗೆ ಹೆಸರಿಟ್ಟಿದ್ದು ನಾನು, ಹೊಟ್ಟೆನೋವು ಮಾತ್ರ ಊರಿಗೆಲ್ಲ. ತೊಟ್ಟಿಲಲ್ಲಿದ್ದ ಮಗು ಓಡಾಡುವ ಹಾಗಾಯಿತು, ಜಗಳ ಇನ್ನೂ ನಿಂತಿಲ್ಲ. ನಿಂಗಮ್ಮ ನನ್ನ ಗಂಡನ ಅಜ್ಜಿ. ಬಸುರಿನಲ್ಲಿ ನಾನು ಏನು ತಿಂದರೂ ವಾಂತಿ ಮಾಡುತ್ತಿದ್ದಾಗ ಪಕ್ಕದಲ್ಲಿ ಕೂತು ತುತ್ತು ಕೊಟ್ಟವಳು. ಮಗು ಹುಟ್ಟುವ ಮೊದಲೇ ಹೋಗಿಬಿಟ್ಟಳು. ಅವಳ ಹೆಸರು ಮನೆಯಲ್ಲಿ ದಿನಾ ಕೇಳಬೇಕು ಅನ್ನುವುದು ನನ್ನ ಹಟ. ಲಿಂಗಮ್ಮ ಜನರ ಬಾಯಲ್ಲಿ ಸವೆದು ನಿಂಗಮ್ಮ ಆಗಿದ್ದು. ಶಿವನ ಹೆಸರು. ಹಿಂದೆ ಪಿರಿಯಾಪಟ್ಟಣದ ಕಡೆ ಮನೆಗೊಬ್ಬಳು ಇರುತ್ತಿದ್ದಳು. ಈಗ ಹುಡುಕಿದರೆ ನನ್ನ ಮಗಳೊಬ್ಬಳೇ.

ತೊಟ್ಟಿಲ ದಿನ

ಹುಣಸೂರಿಗೆ ಕೊಟ್ಟಿರುವ ನಾದಿನಿ ಮೊಬೈಲ್ ಹಿಡಿದೇ ಬಂದಳು.

"ಅತ್ಗೆ, ಈ ಕಾಲ್ದಲ್ಲಿ ಯಾರಾದ್ರೂ ನಿಂಗಮ್ಮ ಅಂತಾರಾ? ಸಾನ್ವಿ ಅಂತ ಇಡಿ. ಲಕ್ಷ್ಮಿ ಅಂತ ಅರ್ಥವಂತೆ."

"ಲಕ್ಷ್ಮಿ ಬೇಕಿದ್ರೆ ಲಕ್ಷ್ಮಿ ಅಂತಲೇ ಕರೀತೀನಿ. ಸುತ್ತಿ ಬಳಸಿ ಯಾಕೆ ಕರೀಬೇಕು? ಅದಿರ್ಲಿ, ನಿನ್ನ ಮಗಳ ಹೆಸರಿಗೆ ಏನರ್ಥ?"

ಫೋನನ್ನು ಕಿಟಕಿಯ ಕಡೆ ಎತ್ತಿ ಹಿಡಿದಳು.

"ಇರಿ ಅತ್ಗೆ, ನೆಟ್‌ವರ್ಕ್ ಬರ್ಲಿ."

ಅಂಗನವಾಡಿ

ಅಲ್ಲಿನ ಟೀಚರ್ ಮೊದಲ ದಿನವೇ, "ಎಂಥಾ ಹಳೇ ಹೆಸರು ಇಟ್ಟಿದ್ದೀರಮ್ಮ? ಮುಂದೆ ಮಗು ನಾಚ್ಕೊಳ್ಳಲ್ವಾ?" ಅಂದರು. ನನಗೆ ಮೈ ಉರಿಯಿತು. ಅಷ್ಟರಲ್ಲಿ ಅವರೇ ಒಳಗೆ ತಿರುಗಿ, "ಸಾನ್ವಿ, ಹಾಲು ಕುಡಿ ಬಾ" ಅಂದರು. ಒಂದು ಸಾಲಿಗೆ ಸಾಲೇ ಎದ್ದು ಬಂತು.

"ನೀನಲ್ಲ, ಮೂಗು ಸೋರೋ ಸಾನ್ವಿ!"

"ನಾಚಿಕೆ ಯಾರಿಗೆ ಟೀಚರ್?" ಅಂದೆ. "ನನ್ನ ಮಗಳನ್ನ ಕರೆಯೋಕೆ ಯಾರೂ ಅವಳ ಮೂಗು ನೋಡ್ಬೇಕಾಗಿಲ್ಲ."

ನಮ್ಮತ್ತೆ

ಹೊರಗಿನವರ ಬಾಯಿ ಮುಚ್ಚಿಸಬಹುದು, ನಮ್ಮತ್ತೆಯ ಬಾಯಿ ತೆರೆಸುವುದೇ ಕಷ್ಟವಾಯಿತು. ನಿಂಗಮ್ಮಜ್ಜಿ ಅವರಿಗೆ ಅತ್ತೆ, ಅದೂ ಬಲು ಜೋರಿನ ಅತ್ತೆ. ಅತ್ತೆಯ ಹೆಸರು ಹೇಳಬಾರದು ಅಂತ ಮೊಮ್ಮಗಳನ್ನು "ಇವಳೇ", "ಬಾರವ್ವ" ಅಂತಲೇ ಕರೆಯುತ್ತಿದ್ದರು.

"ಹೆಸರು ಹಿಡ್ದು ಕರೀರಿ ಅತ್ತೆ. ಮನೇಲೇ ಕರೀದಿದ್ರೆ ಆ ಹೆಸರು ಉಳಿಯೋದೆಂಗೆ?"

"ನಾಲ್ಗೆ ಬಿದ್ದೋಯ್ತದೆ ಕಣವ್ವ."

ಹೋದ ತಿಂಗಳು ಅತ್ತೆ ಹೊಗೆಸೊಪ್ಪನ್ನು ಬಣ್ಣ ನೋಡಿ ವಿಂಗಡಿಸಿ, ಹರಾಜಿಗೆ ಒಯ್ಯಲು ಜೋಡಿಸಿಟ್ಟಿದ್ದರು. ನನ್ನ ಮಗಳು ಹೋಗಿ ಅದರ ಮೇಲೆ ಒಂದು ಚೊಂಬು ನೀರು ಸುರಿದಳು.

"ಲೇ ನಿಂಗೀ! ಹಾಳು ಮಾಡ್ಬುಟ್ಯಲ್ಲೇ! ನಿನ್ ಸೊಕ್ಕು ಮುರೀತೀನಿ ಕಣೇ!"

ಅಂದವರೇ ಬಾಯಿಗೆ ಕೈ ಇಟ್ಟುಕೊಂಡರು. ನಾಲಿಗೆ ಇದ್ದಲ್ಲೇ ಇತ್ತು. ಮೆಲ್ಲಗೆ ಇನ್ನೊಂದು ಸಲ, "ನಿಂಗಿ" ಅಂದು ನೋಡಿದರು. ಆಮೇಲೆ ಮುಖ ಅರಳಿತು.

ಅವತ್ತಿನಿಂದ ಬೀದಿಗೆಲ್ಲ ಅದೇ ಹೆಸರು. ನನ್ನ ಹಟ ಗೆದ್ದಿತು ಅಂತ ಹಿಗ್ಗುತ್ತಿದ್ದೆ. ನಿನ್ನೆ ಅತ್ತೆ ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಾ ಕೂಗುತ್ತಿದ್ದರು: "ಲೇ ನಿಂಗೀ, ಸಾರಿಗೆ ಉಪ್ಪು ಜಾಸ್ತಿ ಆಯ್ತು ಅಂತ ತಟ್ಟೆ ಎಸೀತೀಯೇನೇ?"

ನಾನು ಓಡಿಹೋದೆ. "ಮೆಲ್ಲಗೆ ಅತ್ತೆ, ಮಗು ಮಲಗೈತೆ."

"ಮಲಗ್ಲಿ ಬುಡು," ಅಂದರು. "ನಾನು ಬೈತಿರೋದು ಅವಳನ್ನಲ್ಲ."