ಬಟನ್ ಅಲ್ಲೇ ಇದೆ

ಆಪಣ್ಣನ ಗ್ರಹಚಾರ ಶುರುವಾದದ್ದು ಒಂದು ಹಸಿರು ಟಿಕ್ ಗುರುತಿನಿಂದ. ಕೆಂಪು ಕಂಡರೆ ಮನುಷ್ಯ ಹುಷಾರಾಗುತ್ತಾನೆ, ಹಸಿರು ಕಂಡರೆ ಹಾಸಿಗೆ ಹಾಸುತ್ತಾನೆ.

ಅವನು ಲಿಫ್ಟು ರಿಪೇರಿ ಮಾಡುವ ಕಂಪನಿಯ ಮೊಬೈಲ್ ಆಪ್ ನೋಡಿಕೊಳ್ಳುವವನು. ಆ ಕಾರಣಕ್ಕೇ ಆಪಣ್ಣ. ಆಪ್‌ನಲ್ಲಿ ಅಂಥ ಘನಂದಾರಿ ವಿದ್ಯೆಯೇನಿಲ್ಲ. ಲಿಫ್ಟು ಕೆಟ್ಟರೆ ಪರದೆಯ ತಳದಲ್ಲಿರುವ ಕೆಂಪು ಬಟನ್ ಒತ್ತಬೇಕು. ದೂರು ದಾಖಲಾಗುತ್ತದೆ, ಮೆಕ್ಯಾನಿಕ್ ಬರುತ್ತಾನೆ. ಆದರೆ ಆಪ್ ಕಟ್ಟುವ ಸಲಕರಣೆಗಳೇ ಹೊಸದಾಗಿದ್ದವು. ಹೊಸದಕ್ಕೆ ಬದಲಾಗದವರ ಆಪನ್ನು ಕಿತ್ತೊಗೆಯುತ್ತೇವೆ ಎಂದು ಸಲಕರಣೆ ಮಾಡುವವರ ಧಮಕಿ ಬಂದಿತ್ತು. ಏನೇನು ಬದಲಾಗಿದೆ ಎಂಬ ಸೂಚನೆಯೋ, ಹನುಮಂತನ ಬಾಲ. ಆಪಣ್ಣ ಓದಲಿಲ್ಲ. ‘ಮುಂದೆ, ಮುಂದೆ, ಮುಂದೆ’ ಎಂದು ಒತ್ತುತ್ತಾ ಹೋದ. ಕೊನೆಗೆ ಹಸಿರು ಟಿಕ್ ಬಂತು. ಆಫೀಸಿನ ಟೆಸ್ಟಿಂಗ್ ಫೋನಿನಲ್ಲಿ ನೋಡಿದ, ಎಲ್ಲ ಸುಸೂತ್ರ, ಗಿರಾಕಿಗಳಿಗೆಲ್ಲ ಕಳಿಸಿಬಿಟ್ಟ. ಆ ಟೆಸ್ಟಿಂಗ್ ಫೋನೋ, ಗಾಜು ಒಡೆದು, ರಬ್ಬರ್ ಬ್ಯಾಂಡ್ ಕಟ್ಟಿಸಿಕೊಂಡ ಮುದಿ ಫೋನು. ಹೊಸದು ಕೊಡಿಸಿ ಎಂದರೆ ಮಾಲೀಕರು, ಅಂದರೆ ಎಲ್ಲರ ಬಾಯಲ್ಲಿ ದೊಡ್ಡೋರು, “ಹಳೇದು ಸತ್ತಿದೆಯಾ?” ಎಂದು ಕೇಳಿದ್ದರು. ಸತ್ತಿರಲಿಲ್ಲ. ಆ ಕಂಪನಿಯಲ್ಲಿ ಫೋನಾಗಲಿ ಆಳಾಗಲಿ, ಪೂರ್ತಿ ಸಾಯುವ ತನಕ ವಿಶ್ರಾಂತಿ ಎಂಬುದಿಲ್ಲ.

ಬೆಳಗ್ಗೆ ಅವನಿನ್ನೂ ಶರಟಿಗೆ ಒಂದು ತೋಳು ಹಾಕಿದ್ದಾಗಲೇ ಅಕ್ಕನ ಫೋನು ಬಂತು. ಅಕ್ಕನ ಮನೆ ಏಳನೇ ಮಹಡಿಯಲ್ಲಿ.

“ಅಲ್ಲೋ, ನಮ್ಮ ಲಿಫ್ಟ್ ಕೆಟ್ಟು ಕೂತಿದೆ. ನಿನ್ನ ಆಪಲ್ಲಿ ಆ ಬಟನ್ ಎಲ್ಲಿ ಹಾಳಾಗ್ ಹೋಯ್ತೋ?”

“ಅಲ್ಲೇ ಇದೆ ಅಕ್ಕ. ತಳದಲ್ಲಿ, ಕೆಂಪಗೆ.”

“ಕೆಂಪಗೂ ಇಲ್ಲ, ಕರ್ರಗೂ ಇಲ್ಲ. ನಿಮ್ಮ ಭಾವ ಮೊನ್ನೆ ತಾನೆ ಕೊಡಿಸಿದ ಫೋನು, ಕನ್ನಡಿ ಹಾಗಿದೆ. ನನ್ನ ಮುಖ ಕಾಣುತ್ತೆ, ನಿನ್ನ ಬಟನ್ ಕಾಣಲ್ಲ.”

ಆಪಣ್ಣ ತನ್ನ ಹಳೆಯ ಫೋನಿನಲ್ಲಿ ಆಪ್ ತೆರೆದ. ಕೆಂಪು ಬಟನ್ ಮದುವೆ ಗಂಡಿನ ಹಾಗೆ ಎದೆಯುಬ್ಬಿಸಿ ಕೂತಿತ್ತು. “ಬಟನ್ ಅಲ್ಲೇ ಇದೆ. ಕಣ್ಣು ಬಿಟ್ಟು ನೋಡು!” ಎಂದ.

ಅತ್ತಲಿಂದ ಅಕ್ಕನ ದನಿ ಚಾಕುವಿನಂತೆ ಬಂತು. “ನಿನ್ನ ಹೆಂಡ್ತಿಗೆ ಹೊಲಿಗೆ ಮೆಷೀನ್ ಕೊಡ್ಲಿಲ್ಲ ಅಂತ ನಮ್ಮನೆಗೆ ಮಾತ್ರ ಬಟನ್ ಕಿತ್ತಿದೀಯ, ಅಲ್ವಾ? ಒಡಹುಟ್ಟಿದವಳ ಮೇಲೆ ಹೀಗೂ ಸೇಡು ತೀರಿಸ್ಕೋತಾರಾ?”

ಫೋನ್ ಇಟ್ಟಳು. ಆಪಣ್ಣ ಇನ್ನೊಂದು ತೋಳು ಹಾಕುವಷ್ಟರಲ್ಲಿ ಅವನ ತಲೆಗೂ ಹುಳ ಹೊಕ್ಕಿತ್ತು. ಅಕ್ಕ ಬಾಯಿಬಡುಕಿ, ಸುಳ್ಳಿಯಲ್ಲ. ಬಟನ್ ಇಲ್ಲವೆಂದರೆ ಯಾರೋ ತೆಗೆದಿದ್ದಾರೆ. ಯಾರು?

ಆಫೀಸಿನಲ್ಲಿ ಅವನ ಎದುರು ಮೇಜಿನವಳು ಟೆಸ್ಟರಮ್ಮ. ಆಪ್‌ನಲ್ಲಿ ತಪ್ಪು ಹುಡುಕುವುದು ಅವಳ ಕೆಲಸ. ಇಬ್ಬರೂ ಅಣ್ಣ ತಂಗಿಯರಂತೆ ಒಂದೇ ಚಹಾವನ್ನು ಎರಡು ಲೋಟ ಮಾಡಿ ಕುಡಿಯುತ್ತಿದ್ದವರು. ಹೋದ ವಾರ ದೊಡ್ಡೋರು, “ಬದಲಾವಣೆ ಮುಗಿದ ಮೇಲೆ ಆಪಿಗೆ ಇಬ್ಬರು ಯಾಕೆ? ಒಬ್ಬರು ಸಾಕು. ಯಾರು ಅಂತ ಸೋಮವಾರ ಸಂಜೆ ಹೇಳ್ತೀನಿ” ಎಂದಿದ್ದರು. ಅಂದಿನಿಂದ ಚಹಾ ಬೇರೆಬೇರೆಯಾಗಿತ್ತು. ಇವತ್ತು ಸೋಮವಾರ.

“ಬಟನ್ ಕಾಣಲ್ಲ ಅಂತ ಬೆಳಗ್ಗಿಂದ ಫೋನೋ ಫೋನು,” ಎಂದಳು ಟೆಸ್ಟರಮ್ಮ, ರಬ್ಬರ್ ಬ್ಯಾಂಡಿನ ಫೋನನ್ನು ತಿರುಗಿಸಿ ತೋರಿಸುತ್ತಾ. “ನೋಡಿ, ಇಲ್ಲಿ ಕಾಣುತ್ತೆ. ನೀವೇನಾದ್ರೂ ನನಗೊಂದು ತೋರಿಸಿ, ಊರಿಗೊಂದು ಕಳಿಸಿದ್ರಾ?”

“ನಾನ್ಯಾಕಮ್ಮ ಹಾಗೆ ಮಾಡ್ಲಿ?”

“ಟೆಸ್ಟರ್ ಸರಿಯಾಗಿ ನೋಡ್ಲಿಲ್ಲ ಅಂತ ನನ್ನ ತಲೆ ಮೇಲೆ ಬರುತ್ತಲ್ಲ.”

‘ಇವಳೇ ಯಾಕೆ ಕಿತ್ತಿರಬಾರದು?’ ಎಂದು ಆಪಣ್ಣ ಯೋಚಿಸಿದ. ಅಷ್ಟರಲ್ಲಿ ಕೆಳಗಿನ ಮಹಡಿಯಿಂದ ಹಿರಿಯ ಮೆಕ್ಯಾನಿಕ್ ಸ್ಪ್ಯಾನರಣ್ಣ ಬಂದ. ಅಂಗೈಯಲ್ಲಿ ಗ್ರೀಸು, ಬಾಯಲ್ಲಿ ನಗು.

“ಆಪಣ್ಣಾ, ದಾರೀಲೆಲ್ಲ ಜನ ನಿಲ್ಲಿಸಿ ಕೇಳ್ತಾರೆ, ಬಟನ್ ಎಲ್ಲಿ ಅಂತ. ಒಂದೂ ದೂರು ಬಂದಿಲ್ಲ. ನಾವೆಲ್ಲ ಸುಮ್ನೆ ಕೂತಿದೀವಿ. ಒಂಚೂರು ನೋಡಪ್ಪ.”

“ಬಟನ್ ಅಲ್ಲೇ ಇದೆ, ಕಣ್ಣು ಬಿಟ್ಟು ನೋಡಿ ಅಂತ ಹೇಳು ಅವರಿಗೆ!”

ಸ್ಪ್ಯಾನರಣ್ಣ ಹೆಗಲು ಕುಣಿಸಿ ಇಳಿದುಹೋದ. ಆಪಣ್ಣನ ಮೂಗು ಅರಳಿತು. ಕೇಳದೆ ಇವನ್ಯಾಕೆ ಬಂದು ಹೇಳಿದ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ದೂರಿಲ್ಲದಿದ್ದರೆ ಲಾಭ ಯಾರಿಗೆ? ಮೆಕ್ಯಾನಿಕ್‌ಗಳಿಗೆ! ಮೆಟ್ಟಿಲ ಮೇಲಿಂದ ಬಗ್ಗಿ ನೋಡಿದ. ಕೆಳಗೆ ಮೆಕ್ಯಾನಿಕ್‌ಗಳ ಕೋಣೆಯಲ್ಲಿ ಒಬ್ಬ ಬೆಂಚಿನ ಮೇಲೆ ಅಂಗಾತ ಬಿದ್ದಿದ್ದ, ಇನ್ನೊಬ್ಬ ಬೂಟು ಕಳಚಿ ಬೆರಳು ಎಣಿಸುವವನಂತೆ ಪಾದ ನೋಡಿಕೊಳ್ಳುತ್ತಿದ್ದ. ವರ್ಷಗಟ್ಟಲೆ ಲಿಫ್ಟಿನ ಹೊಂಡಗಳಲ್ಲಿ ಇಳಿದು ಹತ್ತಿದ ಕಾಲು ಒಂದು ಬೆಳಗ್ಗೆ ಚಾಚಿಕೊಂಡರೆ ಅದು ಪಿತೂರಿಯಾಗಿ ಕಾಣುತ್ತದೆ. ಕಾಣುವ ಕಣ್ಣಿಗೆ ತನ್ನ ಕುರ್ಚಿಯ ಭಯ ಇದ್ದರೆ ಸಾಕು.

ಆಪಣ್ಣ ಲಿಫ್ಟು ಹತ್ತಿ ನೇರ ದೊಡ್ಡೋರ ಮಹಡಿಗೆ ಹೋದ.

ದೊಡ್ಡೋರು ಗೋಡೆಯ ದೊಡ್ಡ ಪರದೆಯ ಮುಂದೆ ಕೈಕಟ್ಟಿ ನಿಂತಿದ್ದರು. ಪರದೆಯ ಮೇಲೆ ‘ಇಂದಿನ ದೂರು’ ಎಂಬುದರ ಕೆಳಗೆ ಒಂದು ಸೊನ್ನೆ, ಕುಂಬಳಕಾಯಿ ಗಾತ್ರದ್ದು.

“ಸಾರ್, ಇದರಲ್ಲಿ ಮೆಕ್ಯಾನಿಕ್‌ಗಳ ಕೈವಾಡ ಇದೆ ಅನ್ಸುತ್ತೆ. ದೂರು ಬರದ ಹಾಗೆ ಏನೋ ಮಾಡಿ ಕೆಳಗೆ ಮಲಗಿದಾರೆ.”

“ಮಲಗಿದಾರಾ?” ದೊಡ್ಡೋರ ಕಣ್ಣು ಹೊಳೆಯಿತು. ದೂರಿನ ಮಾತು ಅವರ ಕಿವಿಗೆ ಬೀಳಲೇ ಇಲ್ಲ. ಮಲಗಿದ ಮಾತು ಮಾತ್ರ ಬಿತ್ತು. “ದೂರಿಲ್ಲ ಅಂದ್ರೆ ಲಿಫ್ಟು ಚೆನ್ನಾಗಿವೆ. ಲಿಫ್ಟು ಚೆನ್ನಾಗಿದ್ರೆ ಇಷ್ಟು ಜನ ಮೆಕ್ಯಾನಿಕ್ ಯಾಕೆ?”

“ಅದಲ್ಲ ಸಾರ್...”

ಅವರು ಮೈಕು ಎತ್ತಿಕೊಂಡಾಗಿತ್ತು. ಆ ಕಟ್ಟಡದಲ್ಲಿ ಮಹಡಿ ಮಹಡಿಗೂ, ಲಿಫ್ಟಿನೊಳಗೂ ಒಂದೊಂದು ಸ್ಪೀಕರ್ ಇತ್ತು. ಮೇಲಿನ ಮಾತು ಕೆಳಗಿಳಿಯಲು ಎಲ್ಲ ಏರ್ಪಾಡೂ ಆಗಿತ್ತು. ಕೆಳಗಿನ ಮಾತು ಮೇಲೇರುವ ತಂತಿಯನ್ನು ಮಾತ್ರ ಯಾರೂ ಎಳೆದಿರಲಿಲ್ಲ.

“ನಮ್ಮ ಆಪಣ್ಣ ಕೊಟ್ಟ ಮಾಹಿತಿ ಪ್ರಕಾರ ಮೆಕ್ಯಾನಿಕ್‌ಗಳಿಗೆ ಕೆಲಸ ಇಲ್ಲ. ಈಗಿಂದ ಎಲ್ಲರೂ ಮನೆಗೆ ಹೋಗ್ಬಹುದು. ಆಪಲ್ಲಿ ದೂರು ಬಂದ್ರೆ ಮಾತ್ರ ಕರೀತೀವಿ. ದೂರು ದಾಖಲಾಗದೆ ಯಾರೂ ಯಾವ ಲಿಫ್ಟನ್ನೂ ಮುಟ್ಟಕೂಡದು. ಮುಟ್ಟಿದವರು ನಾಳೆಯಿಂದ ಬರೋದೇ ಬೇಡ.”

ತನ್ನ ಹೆಸರು ಸ್ಪೀಕರಿನಲ್ಲಿ ಮೊಳಗಿದಾಗ ಆಪಣ್ಣನಿಗೆ ಬಾಯಿಗೆ ಬೆಲ್ಲ ಹಾಕಿ ಬೆನ್ನಿಗೆ ಬರೆ ಎಳೆದಂತಾಯಿತು. ಕಿಟಕಿಯಲ್ಲಿ ಇಣುಕಿದ. ಮೆಕ್ಯಾನಿಕ್‌ಗಳು ಬುತ್ತಿಯ ಚೀಲ ಹಿಡಿದು ಗೇಟು ದಾಟುತ್ತಿದ್ದರು. ಸ್ಪ್ಯಾನರಣ್ಣ ಒಮ್ಮೆ ತಿರುಗಿ ಮೇಲೆ ನೋಡಿದ. ಆಪಣ್ಣ ಕಿಟಕಿಯ ಪರದೆಯ ಮರೆಗೆ ಸರಿದ.

“ನೋಡು, ಎಷ್ಟು ಚೆಂದ ಕಾಣುತ್ತೆ ನಿನ್ನ ಆಪು!” ದೊಡ್ಡೋರು ತಮ್ಮ ಹೊಚ್ಚ ಹೊಸ ಫೋನನ್ನು ಅವನ ಮೂಗಿನ ಮುಂದೆ ಹಿಡಿದರು.

ಆಪಣ್ಣ ನೋಡಿದ. ಬಟನ್ ಇರಲಿಲ್ಲ. ಹತ್ತಿರದಿಂದ ನೋಡಿದ. ಪರದೆಯ ಕಟ್ಟಕಡೆಗೆ, ಬ್ಯಾಕ್, ಹೋಮ್ ಗುರುತುಗಳಿರುವ ಫೋನಿನದೇ ಪಟ್ಟಿಯ ಅಡಿಯಿಂದ, ಕದ ಮುಚ್ಚಿದ ಮನೆಯಿಂದ ಬರುವ ಬೆಳಕಿನಂತೆ ಒಂದು ಕೆಂಪು ಗೆರೆ ಇಣುಕುತ್ತಿತ್ತು.

ಈಗ ಅವನಿಗೆ ಅರ್ಥವಾಯಿತು. ಹೊಸ ಸಲಕರಣೆ ಆಪನ್ನು ಪರದೆಯ ಅಂಚಿನವರೆಗೂ ಎಳೆದು ಹಾಸುತ್ತದೆ. ಹೊಸ ಫೋನುಗಳಲ್ಲಿ ಫೋನಿನ ಪಟ್ಟಿ ಬಂದು ಅದರ ಮೇಲೆಯೇ ಕೂರುತ್ತದೆ. ಹಳೆಯ ಫೋನುಗಳಿಗೆ ಈ ಕಾಯಿಲೆಯಿಲ್ಲ, ಆದರೆ ಈ ಆಫೀಸು ಬಿಟ್ಟರೆ ಹಳೆಯ ಫೋನು ಯಾರ ಕೈಲಿದೆ? ಜಾಗ ಬಿಟ್ಟು ಬಟನ್ ಇಡಿ ಎಂದು ಆ ಹನುಮಂತನ ಬಾಲದಲ್ಲಿ ಎಲ್ಲೋ ಹೇಳಿರಲೇಬೇಕು. ಯಾರೂ ಬಟನ್ ಕಿತ್ತಿರಲಿಲ್ಲ. ಅಕ್ಕ, ಟೆಸ್ಟರಮ್ಮ, ಸ್ಪ್ಯಾನರಣ್ಣ, ಎಲ್ಲರೂ ಕಂಡದ್ದನ್ನೇ ಹೇಳಿದ್ದರು.

ತಪ್ಪು ನನ್ನದು ಎಂದು ಒಂದು ಮಾತು ಅಲ್ಲೇ ಆಡಿದ್ದರೆ ಮೆಕ್ಯಾನಿಕ್‌ಗಳು ಬಸ್ ಹತ್ತುವ ಮುಂಚೆ ಹಿಂದಿರುಗುತ್ತಿದ್ದರು. ಆದರೆ ಇವತ್ತು ಸೋಮವಾರ. “ಸಾರ್, ಫೋನು ಒಂದು ಗಳಿಗೆ ಕೊಡ್ತೀರಾ? ಇನ್ನೂ ಚೆಂದ ಮಾಡ್ಕೊಂಡ್ ಬರ್ತೀನಿ,” ಎಂದ. ಸದ್ದಿಲ್ಲದೆ ಬಟನ್ ಮೇಲೆತ್ತಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬುದು ಅವನ ಲೆಕ್ಕ.

ಫೋನು ಹಿಡಿದು ಲಿಫ್ಟಿಗೆ ಹಾರಿದ. ಲಿಫ್ಟು ಎರಡು ಮಹಡಿಗಳ ನಡುವೆ ಒಮ್ಮೆ ಕೆಮ್ಮಿ ನಿಂತಿತು.

ಲಿಫ್ಟಿನ ತುರ್ತು ಗಂಟೆ ಒತ್ತಿದ. ಕೆಳಗೆ ಮೆಕ್ಯಾನಿಕ್‌ಗಳ ಕೋಣೆಯಲ್ಲಿ ಅದು ಬಡಿದುಕೊಳ್ಳುವುದು ಕೇಳಿಸಿತು. ಖಾಲಿ ಬೆಂಚು ಏಳಲಿಲ್ಲ. ಅವನ ಸ್ವಂತ ಫೋನು ಮೇಜಿನ ಮೇಲೆ ಕಂಪ್ಯೂಟರಿಗೆ ಕಟ್ಟಿದ ಕರುವಿನ ಹಾಗೆ ಬಿದ್ದಿತ್ತು. ದೊಡ್ಡೋರ ಫೋನಿನಲ್ಲಿ ಆಪ್ ತೆರೆದು ಕೆಂಪು ಗೆರೆಯ ಮೇಲೆ ಒತ್ತಿದ. ಬೆರಳು ಫೋನಿನ ಪಟ್ಟಿಯ ಮೇಲೆ ಬಿದ್ದು ಆಪ್ ಮುಚ್ಚಿಕೊಂಡಿತು. ಉಗುರಿನ ತುದಿಯಿಂದ ಒತ್ತಿದ. ಮತ್ತೆ ಮುಚ್ಚಿಕೊಂಡಿತು.

ಫೋನಿನಲ್ಲಿ ಟೆಸ್ಟರಮ್ಮನ ನಂಬರಿತ್ತು.

“ನಾನಮ್ಮ, ಆಪಣ್ಣ! ಲಿಫ್ಟಲ್ಲಿ ಸಿಕ್ಕಾಕೊಂಡಿದೀನಿ. ನಮ್ಮ ಹಳೇ ಫೋನಲ್ಲಿ ಬಟನ್ ಇದೆಯಲ್ಲ, ಒಂದು ಸಲ ಒತ್ತು ತಾಯಿ.”

“ದೊಡ್ಡೋರ ಫೋನಿಂದ ಮಾಡಿ ನನ್ನ ಕೈಲಿ ದೂರು ಹಾಕಿಸ್ತೀರಾ? ಸೊನ್ನೆ ಹೋಗಿ ಒಂದಾದ್ರೆ ಯಾರು ಒತ್ತಿದ್ದು ಅಂತ ಮೊದಲು ಕೇಳೋದು ನನ್ನನ್ನೇ. ಸಾಯಂಕಾಲದವರೆಗೆ ನಾನು ಆ ಫೋನ್ ಮುಟ್ಟಲ್ಲ, ಹೋಗಿ!”

ಸ್ಪ್ಯಾನರಣ್ಣನಿಗೆ ಮಾಡಿದ. ಬಸ್ಸಿನ ಗದ್ದಲದ ನಡುವೆ ಎಲ್ಲ ಕೇಳಿಸಿಕೊಂಡು ಅವನು ನಿಧಾನಕ್ಕೆ, “ದೂರಿಲ್ದೆ ಮುಟ್ಟಿದ್ರೆ ನಾಳೆಯಿಂದ ಕೆಲಸ ಇಲ್ಲ. ನಿನ್ನ ಹೆಸರಲ್ಲೇ ಬಂದ ಆರ್ಡರ್ ಅಲ್ವಾ? ಆಪಲ್ಲಿ ಒತ್ತಪ್ಪ, ಹಾರಿ ಬರ್ತೀನಿ” ಎಂದ.

“ಬಟನ್ ಕಾಣ್ತಿಲ್ಲ ಅಣ್ಣಾ!”

“ಬಟನ್ ಅಲ್ಲೇ ಇದೆ. ಕಣ್ಣು ಬಿಟ್ಟು ನೋಡು.”

ಅಷ್ಟರಲ್ಲಿ ತಲೆಯ ಮೇಲಿನ ಸ್ಪೀಕರ್ ಗಂಟಲು ಸರಿಮಾಡಿಕೊಂಡಿತು. “ಸಂಜೆವರೆಗೆ ಕಾಯೋದು ಬೇಡ. ಒಂದೂ ದೂರಿಲ್ಲದ ಆಪ್ ಮಾಡಿಕೊಟ್ಟ ನಮ್ಮ ಆಪಣ್ಣ ಇವತ್ತಿಂದ ಖಾಯಂ! ತಪ್ಪೇ ಇಲ್ಲದ ಮೇಲೆ ಟೆಸ್ಟರ್ ಬೇಡ. ಮತ್ತೆ, ಈಗಿರೋ ಹಾಗೇ ಆಪ್ ಇರಬೇಕು. ಪರದೆ ಮೇಲೆ ಒಂದು ಚುಕ್ಕಿಯನ್ನೂ ಯಾರೂ ಅಲ್ಲಾಡಿಸಬಾರದು. ಆಪಣ್ಣ ಎಲ್ಲಿದ್ರೂ ಅಲ್ಲೇ ಇರಲಿ, ಎಲ್ಲರೂ ಚಪ್ಪಾಳೆ ಹೊಡೀರಿ!”

ಮಹಡಿ ಮಹಡಿಯಿಂದ ಚಪ್ಪಾಳೆ ಬಿತ್ತು. ಆಪಣ್ಣ ಎರಡು ಕೈಯಲ್ಲೂ ಲಿಫ್ಟಿನ ಕದ ಬಡಿದ, ಮುಷ್ಟಿ ಕಟ್ಟಿ ಬಡಿದ, ತಲೆಯಿಂದಲೂ ಬಡಿದ.

“ಕೇಳಿದ್ರಾ?” ದೊಡ್ಡೋರ ದನಿ ಸ್ಪೀಕರಿನಲ್ಲಿ ಗದ್ಗದವಾಯಿತು. “ಎಲ್ಲರಿಗಿಂತ ಜೋರಾಗಿ ಅವನೇ ಹೊಡೀತಿದಾನೆ.”